ಎಡೆಯ ಪಕ್ಕದ ಮಣೆ

ನೆರಳೊಂದು ಹಿತ್ತಲ ಅಂಗಳದ ಮೇಲೆ ಸರ್ರನೆ ಹಾದುಹೋಯಿತು, ಬಂತು, ಕಾಗೆ ಬಂತು — ಅಲ್ಲ, ಗರುಡ ಇರಬೇಕು, ಕಾಗೆಯ ನೆರಳು ಅಷ್ಟಗಲ ಇರುವುದಿಲ್ಲ, ಹಿಂಬಾಗಿಲ ಮರೆಯಲ್ಲಿ ನಿಂತ ಲೋಕಮ್ಮನ ಎದೆ ಧಸಕ್ಕೆಂದು ಮತ್ತೆ ಜಾಗಕ್ಕೆ ಬಂತು, ಬಂದರೂ ನಿಲ್ಲಲಿಲ್ಲ, ಬೆಳಗಿನಿಂದ ಅದು ಒಂದು ಕಡೆ ನಿಂತದ್ದಿದ್ದರೆ ತಾನೆ. ಹುಣಸೆ ಮರದ ಬುಡದಲ್ಲಿ ಬಾಳೆ ಎಲೆ, ಎಲೆಯ ತುಂಬ ಕಡುಬು, ಕೋಳಿ ಸಾರು, ವಡೆ, ಪಾಯಸ, ತುದಿಯಲ್ಲೊಂದು ಕಟ್ಟು ಬೀಡಿ, ಎಲೆಯ ಪಕ್ಕದಲ್ಲಿ — ಅದನ್ನು ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತದೆ — ಮಣೆ. ಊಟಕ್ಕೆ ಕೂರುವ ಹಲಸಿನ ಮಣೆ. ಒಳಗಿನಿಂದ ಅತ್ತೆ ಹುಲಿಯಮ್ಮನ ದನಿ, ಮುಟ್ತೇನೇ? ಇಲ್ಲ ಅತ್ತೆ. ಕೊಟ್ಟಿಗೆ ಮೇಲಿಂದು? ಅದು ಆವಾಗಲೇ ಆತು. ಕೊಟ್ಟಿಗೆಯ ಹಂಚಿನ ಮೇಲೆ ಇಟ್ಟ ಹಿರಿಯರ ಎಡೆ ಪ್ರತಿ ವರ್ಷವೂ ಹಾಗೆ, ಇಟ್ಟು ಕೈ ತೊಳೆಯುವುದರೊಳಗೆ ಮಾವನವರು ಬಂದು ಉಂಡು ತೇಗಿ ಹಾರಿಹೋಗುತ್ತಾರೆ, ಬದುಕಿದ್ದಾಗಲೂ ಊಟಕ್ಕೆ ಕರೆಸಿಕೊಂಡವರಲ್ಲ ಅವರು. ಇವರದು, ಕಟ್ಟಿಕೊಂಡವರದು, ಮಾತ್ರ ಹೀಗೆ. ಮಹಾಲಯ ಅಮಾಸೆ ಎಷ್ಟು ಬಂದು ಹೋದವು, ಇವರ ಎಲೆಗೆ ಒಂದು ಕಾಗೆ ಕೊಕ್ಕು ಹಾಕಲಿಲ್ಲ, ಮಧ್ಯಾಹ್ನ ಇಳಿದ ಮೇಲೆ ಕೊನೆಗೆ ಹಸುವಿಗೆ ಹಾಕಿ ಎಲ್ಲರೂ ತಲೆ ತಗ್ಗಿಸಿಕೊಂಡು ಉಣ್ಣುವುದು. ಈ ವರ್ಷ ಕೊನೆ. ಮೈದುನ ಕೆಂಪಪ್ಪ ಚೌತಿಯ ಹೊತ್ತಿಗೇ ಹೇಳಿಬಿಟ್ಟಿದ್ದಾನೆ, ಅತ್ಗೇ, ಬರೋ ವರ್ಷದಿಂದ ಅಣ್ಣಂದು ಬ್ಯಾರೆ ಎಲೆ ಬೇಡ, ಹಿರೀರ ಜತೆ ಸೇರ್ಸಿಬಿಡಾಣ, ಮುಟ್ಟದ ಎಡೆ ಮನೆಗೆ ಒಳ್ಳೇದಲ್ಲ ಅಂತಾರೆ. ಯಾರು ಅಂತಾರೆ? ಅಂತಾರೆ. ಹಸಿದವನನ್ನು ಹಸಿದ ಹಾಗೇ ಗುಂಪಿಗೆ ಸೇರಿಸಿಬಿಟ್ಟರೆ ಹಸಿವು ಯಾರ ಲೆಕ್ಕಕ್ಕೆ ಹೋಗುತ್ತದೆ, ಅವಳು ಕೇಳಲಿಲ್ಲ, ಕೇಳಿದ್ದರೆ ಕೆಂಪಪ್ಪ ಬೀಡಿ ಹಚ್ಚಿ ಹೊರಗೆ ಹೋಗುತ್ತಿದ್ದ.

ಒಬ್ಬ ಮನುಷ್ಯನಿಗೆ ಏನು ಬೇಕಾಗಿತ್ತು ಎಂದು ತಿಳಿಯುವುದು ಇಷ್ಟು ಕಷ್ಟವೇ, ಅದೂ ಹೆಂಡತಿಗೆ, ಆದರೆ ಎಂಥ ಹೆಂಡತಿ, ಮದುವೆಯ ಅರಿಶಿನ ಸೀರೆಯಿಂದ ಹೋಗುವ ಮೊದಲೇ ಬೆಂಗಳೂರಿಗೆ ಹೋಗಿ ದಂಡಿಗೆ ಸೇರಿದವರು, ಒಂದೇ ಒಂದು ಸಲ ರಜೆಯ ಮೇಲೆ ಬಂದವರು, ಬಂದಾಗಲಾದರೂ ಕೂತರೇ? ಕೂರುವ ಜಾತಿಯೇ ಅಲ್ಲ. ತಿರುಗುತ್ತ ತಿರುಗುತ್ತ ಊಟ, ಒಲೆಯ ಮುಂದೆ ನಿಂತೇ ಕೈ ನೀಡುವುದು, ಒಂದು ಕಡುಬು ಹಾಕು, ಹಾಕಿದರೆ ಅದನ್ನು ಹಿಡಿದುಕೊಂಡು ಗದ್ದೆಯ ಕಡೆ ಹೊರಟೇಬಿಡುವುದು, ಅತ್ತೆ ಹಿಂದಿನಿಂದ ಕೂಗುವುದು, ಕೂತ್ಕೊಂಡು ತಿನ್ನೋ, ಕಾಲಲ್ಲಿ ಚಕ್ರ ಅದೆ ಇವನ್ಗೆ. ಅವರು ನಗುತ್ತಿದ್ದರು, ಆ ನಗುವಿನ ಹಲ್ಲು ನೆನಪಿದೆ, ಮುಖ ಈಗೀಗ ಸರಿಯಾಗಿ ಸಿಗುವುದಿಲ್ಲ, ಕೈ ಹಾಕಿದರೆ ಜಾರುವ ಮೀನಿನ ಹಾಗೆ. ಆಮೇಲೆ ತಂತಿ, ಬರ್ಮಾದ ದಾರಿಯಲ್ಲಿ ಕಾಣೆ, ಸತ್ತಿರಬಹುದೆಂದು ಭಾವಿಸಲಾಗಿದೆ, ಓದಿದವರು ಶಾನುಭೋಗರು, ಭಾವಿಸಲಾಗಿದೆ ಅಂದ್ರೆ ಎಂತದು ಸ್ವಾಮಿ, ಅತ್ತೆ ಕೇಳಿದ್ದು, ಅವರು ಕನ್ನಡಕ ತೆಗೆದು ಒರೆಸಿಕೊಂಡದ್ದು, ಬಳೆ. ಬಳೆಯ ವಿಷಯ ಬೇಡ. ಹೆಣ ಬರಲಿಲ್ಲ, ಬೂದಿ ಬರಲಿಲ್ಲ, ಸತ್ತ ತಿಥಿ ಗೊತ್ತಿಲ್ಲ, ತಿಥಿ ಗೊತ್ತಿಲ್ಲದವರಿಗೆಲ್ಲ ಅಮಾಸೆಯೊಂದೇ ದಿಕ್ಕು. ಮೊದಲ ವರ್ಷ ಕಾಗೆ ಮುಟ್ಟದಿದ್ದಾಗ ಊರಿಗೆ ಊರೇ ವೈದ್ಯನಾಯಿತು, ಆಸೆ ಉಳಿಸ್ಕೊಂಡು ಹೋಗಿದಾನೆ, ಏನೋ ಕೇಳಿದ್ದ, ಸಿಕ್ಕಿಲ್ಲ, ಅದನ್ನ ಇಡ್ರಿ. ಬೀಡಿ ಇಟ್ಟರು, ಹೆಂಡ ಇಟ್ಟರು, ಚಿಕ್ಕವನಿದ್ದಾಗ ಜೇನಿಗೆ ಮರ ಹತ್ತುತ್ತಿದ್ದ ಎಂದು ಜೇನು ಇಟ್ಟರು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕಾಗೆ ಮರದ ಮೇಲೆ ಕೂತು ಕತ್ತು ಓರೆ ಮಾಡಿ ನೋಡುವುದು, ಕುಪ್ಪಳಿಸಿ ಹತ್ತಿರ ಬರುವುದು, ಅತ್ತೆಯ ಉಸಿರು ನಿಲ್ಲುವುದು, ಹಾರಿಹೋಗುವುದು. ಕಾಗೆಗೆ ಚೆಲ್ಲಾಟ, ಇವರಿಗೆ ಪ್ರಾಣಸಂಕಟ. ಒಂದು ಸಲ ಕೆಂಪಪ್ಪ ಕಲ್ಲು ಎತ್ತಿಕೊಂಡಿದ್ದ, ಅಣ್ಣ ಇರ್ಬೋದು ಕಣೋ ಅದು ಎಂದು ಅತ್ತೆ ಅವನ ಕೈ ಹಿಡಿದುಕೊಂಡರು.

ಪುಸ್ತಕದ ದಾರಿ ತೋರಿಸಿದವಳು ಟೀಚರ್ ವರದಮ್ಮ, ಶಿಕಾರಿಪುರದವಳು, ಆಗ ಇಲ್ಲಿಯ ಶಾಲೆಗೆ ಬಂದು ಎರಡು ಮಳೆಗಾಲ ಕಳೆದಿದ್ದಿರಬೇಕು, ಸೊರಬದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದಾಗ ಮಾತಿನಿಂದ ಮಾತು ಹುಟ್ಟಿ ಕಾಗೆಯ ವಿಷಯ ಬಂದು, ನಗುತ್ತಾಳೆ ಎಂದುಕೊಂಡರೆ ನಗಲಿಲ್ಲ, ಯೋಚಿಸಿ ಹೇಳಿದಳು, ಆ ದಂಡಿನಿಂದ ವಾಪಸ್ ಬಂದೋರು ಬರೆದ ಪುಸ್ತಕಗಳು ನಮ್ಮೂರಿನ ವಾಚನಾಲಯದಾಗ ಅದಾವ್ರೀ, ಅಲ್ಲಿ ಏನು ತಿಂತಿದ್ರು, ಏನಕ್ಕೆ ಆಸೆಪಡ್ತಿದ್ರು ಎಲ್ಲಾ ಬರೆದಿರ್ತಾರೆ, ತಂದು ಓದ್ಲಾ? ಓದಿ. ಶನಿವಾರ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಓದು. ಮೊದಮೊದಲು ಇವರಿಬ್ಬರೇ, ಆಮೇಲೆ ಅಣ್ಣನೋ ಮಗನೋ ಆ ಯುದ್ಧದಿಂದ ಬಾರದ ಹೆಂಗಸರು ಇಬ್ಬರು ಮೂವರು ಜಡೆ ಊರಿನ ಕಡೆಯಿಂದಲೂ ಬಂದು ಸೇರಿದರು, ಅವರೆಕಾಯಿ ಸುಲಿಯುತ್ತ, ಬತ್ತಿ ಹೊಸೆಯುತ್ತ. ಸುಮ್ಮನೆ ಪುಸ್ತಕ ಬಿಚ್ಚುವುದು ಹೇಗೆ ಎಂದು ಒಬ್ಬಾಕೆ ಕುಂಕುಮ ಹಚ್ಚಿದಳು, ಇನ್ನೊಬ್ಬಾಕೆ ದಾಸವಾಳ ಇಟ್ಟಳು, ಸೇತುವೆಗೆ ಮದ್ದು ಇಟ್ಟು ಉಡಾಯಿಸಿದ ಕಥೆ ಮುಗಿದಾಗ ಮಂಗಳ ಹಾಡದೆ ಪುಸ್ತಕ ಮುಚ್ಚಬಾರದು ಎಂದು ಎಲ್ಲರೂ ಎದ್ದು ನಿಂತು ಹಾಡಿದರು, ವರದಮ್ಮ ಟೀಚರ್ ಮೊದಲು ಬೆಪ್ಪಾಗಿ, ಆಮೇಲೆ ತಾನೂ ದನಿ ಸೇರಿಸಿದಳು. ಸಿಪಾಯಿ ತಾನು ಕಂಡದ್ದನ್ನು ತಾನೇ ಬರೆದದ್ದು ಮಾತ್ರ ಆಗಬೇಕು, ದೊಡ್ಡ ಅಧಿಕಾರಿಗಳು ಬರೆದದ್ದು ಬೇಡ, ಅವುಗಳಲ್ಲಿ ನಕ್ಷೆ ಇರುತ್ತದೆ, ಹಸಿವು ಇರುವುದಿಲ್ಲ. ಲೋಕಮ್ಮ ಗುಂಡಿನ ಸದ್ದಿಗೆ ಕಿವಿ ಕೊಡುತ್ತಿರಲಿಲ್ಲ, ಯಾರು ಗೆದ್ದರು ಎಂದು ಕೇಳುತ್ತಿರಲಿಲ್ಲ, ತಿನ್ನುವ ಮಾತು ಬಂದ ಕೂಡಲೇ ಕೈಯ ಕೆಲಸ ಬಿಡುತ್ತಿದ್ದಳು. ಕಲ್ಲಿನಂಥ ಬಿಸ್ಕತ್ತು ಎಂದು ಬಂದರೆ ಆ ಅಮಾಸೆಗೆ ಬಿಸ್ಕತ್ತು, ಡಬ್ಬಿಯ ಹಾಲು ಎಂದು ಬಂದರೆ ಶಿಕಾರಿಪುರದ ಅಂಗಡಿಯಿಂದ ಡಬ್ಬಿಯ ಹಾಲು, ಒಬ್ಬ ಹಸಿ ಈರುಳ್ಳಿಯ ಕನಸು ಕಾಣುತ್ತಿದ್ದನಂತೆ, ಈರುಳ್ಳಿ. ಒಂದು ವರ್ಷ ತಾಮ್ರದ ಬಿಂದಿಗೆಯ ತುಂಬ ನೀರು ಇಟ್ಟಳು, ನೀರು ನೀರು ಎಂದು ಸತ್ತವರ ಪುಟಗಳೇ ಇದ್ದವು ಆ ಪುಸ್ತಕದಲ್ಲಿ, ಹಬ್ಬ ಕಳೆದ ಮೇಲೆ ವರದಮ್ಮ ನಾಲಿಗೆ ಕಚ್ಚಿಕೊಂಡು ಬಂದಳು, ಲೋಕಮ್ಮಾ, ತಪ್ಪಾತ್ರೀ, ಅದು ಬ್ಯಾರೆ ಯುದ್ಧ, ಮರಳುಗಾಡಿಂದು, ನಿಮ್ಮವರು ಹೋದ ದೇಶದಾಗ ಮಳೆ ಹಿಡಿದ್ರೆ ಬಿಡಾಂಗಿಲ್ಲ. ಆಗಲಿ ಬಿಡಿ ಟೀಚರೇ, ಅವರಿಗೂ ಯಾರಾದ್ರೂ ಇಡಬೇಕಲ್ದಾ. ಹಾಗೆ ಅಂದದ್ದು ನಿಜ. ಮನೆಗೆ ಬಂದು ಸೌದೆಯ ಮೇಲೆ ಸಿಟ್ಟು ತೀರಿಸಿಕೊಂಡದ್ದೂ ನಿಜ, ಒಂದು ವರ್ಷ ದಂಡವಾಯಿತಲ್ಲ, ಯಾರದೋ ಬಾಯಾರಿಕೆಗೆ.

ಮತ್ತೆ ಈ ಪುಸ್ತಕ, ರಟ್ಟು ಕಿತ್ತುಹೋದದ್ದು, ಹೆಸರೂ ಇಲ್ಲ ಬರೆದವನ ಹೆಸರೂ ಇಲ್ಲ, ಬರ್ಮಾದಿಂದ ಬೆಟ್ಟ ಹತ್ತಿ ಇಳಿದು ನಡೆದುಬಂದವನು ಬರೆದದ್ದು, ಈ ಶ್ರಾವಣದಲ್ಲಿ ಶುರುವಾಯಿತು ಓದು, ಮಳೆ ಜಗಲಿಗೆ ಎರಚುತ್ತಿದ್ದರೆ ವರದಮ್ಮ ಸೆರಗಿನಿಂದ ಪುಟ ಮರೆ ಮಾಡಿಕೊಂಡು ಓದುತ್ತಿದ್ದಳು. ನಡೆಯುವುದು, ಬರೀ ನಡೆಯುವುದು, ತಿನ್ನುವ ಮಾತು ಅಲ್ಲೊಂದು ಇಲ್ಲೊಂದು, ಲೋಕಮ್ಮನಿಗೆ ಬೇಸರ ಬಂದಿತ್ತು, ಏಳೋಣ ಎಂದುಕೊಳ್ಳುತ್ತಿದ್ದಾಗಲೇ ಆ ಪುಟ. ಹಸಿವು ಸತ್ತಿತ್ತು, ನಮಗೆ ಬೇಕಾದದ್ದು ಕೂರುವುದೊಂದೇ, ಆದರೆ ಕೂತವನು ಏಳುತ್ತಿರಲಿಲ್ಲ, ಅದಕ್ಕೇ ಒಬ್ಬರನ್ನೊಬ್ಬರು ಕೂರಗೊಡುತ್ತಿರಲಿಲ್ಲ. ವರದಮ್ಮನ ದನಿ ಶಾಲೆಯ ಪಾಠದ ಹಾಗೆ ಏರಿಳಿತವಿಲ್ಲದೆ ಹೋಗುತ್ತಿತ್ತು. ಇಳಿಜಾರಿನ ತಿರುವಿನಲ್ಲಿ ನಮ್ಮ ಸೀಮೆಯವನೊಬ್ಬ ದಾರಿಯ ಪಕ್ಕ ಕೂತುಬಿಟ್ಟ, ಒಂದು ಬೂಟು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ, ಕನ್ನಡದಲ್ಲಿ ಹೇಳಿದ, ನೀವು ನಡೀರಿ, ಒಂಚೂರು ಕೂತು ಬತ್ತೀನಿ. ನಾವು ನಡೆದೆವು. ವರದಮ್ಮ ಅಲ್ಲಿ ಓದು ನಿಲ್ಲಿಸಿದಳು. ಮಳೆ ಜಗಲಿಯ ಮೇಲೆ. ಯಾರೋ ಕೇಳಿದರು, ಆಮೇಲೆ ಬಂದ್ನಾ ಅವ? ವರದಮ್ಮ ಪುಟ ತಿರುಗಿಸಿ ಕಣ್ಣಾಡಿಸಿ, ಮುಂದೆ ಹೊಳೆ ದಾಟೋದು ಅದೆ, ಅವನ ಸುದ್ದಿ ಇಲ್ಲ. ಅವತ್ತು ಯಾರೂ ಮಂಗಳ ಹಾಡಲಿಲ್ಲ. ಸೀಮೆ ಎಂದರೆ ಎಷ್ಟು ದೊಡ್ಡದು, ಯಾರೂ ಇರಬಹುದು, ಹಾವೇರಿಯ ಕಡೆಯವನು, ಸಾಗರದ ಕಡೆಯವನು, ಯಾರೋ ಪಾಪ, ಲೋಕಮ್ಮ ಮನೆಯ ದಾರಿಯುದ್ದಕ್ಕೂ ಹೇಳಿಕೊಂಡಳು, ಇವರಂತೂ ಅಲ್ಲ, ಇವರು ಕೂರುವವರೇ ಅಲ್ಲವಲ್ಲ, ಕಾಲಲ್ಲಿ ಚಕ್ರ ಇದ್ದವರು, ನಿಂತು ಉಂಡವರು, ಮದುವೆಯ ಹಸೆಯ ಮೇಲೂ ಮಂಡಿ ಅಲ್ಲಾಡಿಸುತ್ತಿದ್ದವರು, ಕೂತವನು ಬೇರೆ, ಕೂತವನು ಬೇರೆ. ಅವತ್ತು ರಾತ್ರಿ ಒಲೆಯ ಮುಂದೆ ಕೂರಲಾಗಲಿಲ್ಲ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ತೊಡೆಯ ಮೇಲೆ ಬೂಟು. ಹಾಲು ಕರೆಯಲು ಕೂತರೆ ತೊಡೆಗಳ ನಡುವೆ ಚೊಂಬು, ಚೊಂಬು ಅಲ್ಲ, ಬೂಟು.

ಹೋಗಿ ಕೇಳಿಬಿಡೋಣ ಎಂದು ಶಿಕಾರಿಪುರಕ್ಕೆ ಹೋದದ್ದು ಈ ತಿಂಗಳ ಮೊದಲ ಸಂತೆಗೆ, ಅತ್ತೆಗೆ ಬೆಲ್ಲ ತರುತ್ತೇನೆ ಎಂದು ಹೇಳಿ, ಬಸ್ಸಿನ ತುಂಬ ಕ್ಯಾಸನೂರು ಕಾಡಿನ ಸತ್ತ ಮಂಗಗಳ ಮಾತು, ಕಾಡಿಗೆ ಸೌದೆಗೆ ಹೋಗ್ಬೇಡಿ ಅಂತ ಡಂಗುರ ಹೊಡ್ಸಿದಾರಂತೆ, ಜ್ವರ ಬಂದ್ರೆ ಉಳಿಯಲ್ವಂತೆ, ಇವಳ ಕಿವಿಯೊಳಗೆ ಬೂಟುಗಳೇ ನಡೆಯುತ್ತಿದ್ದವು. ಬಡೇಸಾಬರು ಪೇಟೆಯಲ್ಲಿ ಬಟ್ಟೆ ಹೊಲಿಯುವವರು, ಅದೇ ದಾರಿ ನಡೆದು ಬದುಕಿ ಬಂದವರು ಎಂದು ವರದಮ್ಮ ಹೇಳಿದ್ದಳು, ಯಾರ ಹತ್ತಿರವೂ ಆ ಮಾತು ಆಡುವುದಿಲ್ಲವಂತೆ, ನೋಡ್ರಿ, ಕೇಳ್ರಿ, ಸಿಟ್ಟಾದ್ರೆ ಬಂದ್ಬಿಡ್ರಿ. ಸಿಟ್ಟಾಗಲಿಲ್ಲ. ಮಶೀನಿನ ಮೇಲೆ ಕಾಲು ನಿಲ್ಲಿಸದೆ ಕೇಳಿಸಿಕೊಂಡರು, ಊರು, ಹೆಸರು — ಹೆಸರು ಹೇಳುವುದು ಹೇಗೆ, ಗಂಡನ ಹೆಸರು ಬಾಯಿಗೆ ಬರುವುದಿಲ್ಲ, ಪಕ್ಕದಲ್ಲಿ ಗುಂಡಿ ಹಚ್ಚುತ್ತಿದ್ದ ಅವರ ಹೆಂಡತಿ ಖುರ್ಷೀದ್ ಬೀಯ ಕಿವಿಯಲ್ಲಿ, ಕಲ್ಲಾಗಿ ನಿಂತಿರ್ತಾಳಲ್ಲ, ಗಂಡನ ಜತೆ ಬೆಂಕಿಗೆ ಬಿದ್ದ ದೇವ್ರು, ಅದ್ರ ಹೆಸ್ರು ಎಂದಳು, ಮಾಸ್ತಿಯೇ, ಹೂಂ, ಮಾಸ್ತಪ್ಪ ಎಂದು ಖುರ್ಷೀದ್ ಬೀ ಗಟ್ಟಿಯಾಗಿ ಹೇಳಿದಳು. ಮಶೀನು ನಿಂತಿತು. ಗೊತ್ತಾ ನಿಮಗೆ? ಇಲ್ಲವ್ವಾ, ಗೊತ್ತಿಲ್ಲ, ಅಂಥ ಹೆಸರಿನೋರು ಇದ್ದಿರಬೌದು, ಸಾವಿರಾರು ಮಂದಿ. ಕೂತವನೊಬ್ಬ, ಬೂಟು ಬಿಚ್ಚಿ, ತಿರುವಿನಲ್ಲಿ. ಬಡೇಸಾಬರು ನೂಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದರು, ಪೋಣಿಸಿದ ನೂಲು ತೆಗೆದು ಮತ್ತೆ ಪೋಣಿಸಿದರು. ತಿರುವು ಒಂದಲ್ಲವ್ವಾ, ಒಂದೊಂದು ತಿರುವಿನಾಗೂ ಒಬ್ಬ ಕೂತಿದ್ದ. ಮುಖ ನೋಡಿದ್ರಾ ಯಾರದಾದ್ರೂ? ನಡೆಯೋರು ಕೂತೋರ ಮುಖ ನೋಡಾಂಗಿಲ್ಲ, ನೋಡಿದ್ರ ನಾವೂ ಕೂರ್ತಿದ್ವಿ, ಮುಂದಿನವನ ಹಿಮ್ಮಡಿ ನೋಡ್ಕೊಂಡು ಬಂದ್ವಿ. ಅವರು ಏನು ಕೇಳ್ತಿದ್ರು, ಕೂತೋರು? ಏನೂ ಕೇಳ್ತಿರ್ಲಿಲ್ಲ, ಕೂತ್ರಲ್ಲ, ಬೇಕಾದ್ದು ಅದೇ. ಖುರ್ಷೀದ್ ಬೀ ಚಹಾ ತಂದಳು, ಕೂತ್ಕೋ ತಂಗಿ ಎಂದು ಸ್ಟೂಲು ಎಳೆದಳು, ಲೋಕಮ್ಮ ನಿಂತೇ ಕುಡಿದಳು, ಬಾಯಿ ಸುಟ್ಟಿತು. ಬೆಲ್ಲ ಮರೆತು ಬಂದಳು.

ಅದಕ್ಕೇ ಮಣೆ. ಬಸ್ಸಿನಲ್ಲಿ ಬರುವಾಗಲೇ ಹೊಳೆದದ್ದು, ಹೊಳೆದ ಕೂಡಲೇ ಇದು ಬೇಡ ಅನ್ನಿಸಿದ್ದು, ಬೇಡ ಅಂದಷ್ಟೂ ಮಣೆಯೇ ಕಣ್ಣಿಗೆ ಬಂದದ್ದು. ಹಂಚಿನ ಮೇಲೆ ಕಾಗೆಗೆ ಕೂರಲು ಜಾಗವೆಲ್ಲಿ, ಇಳಿಜಾರು, ಜಾರುತ್ತದೆ, ಕೂರುವುದಕ್ಕೇ ಬಂದವನನ್ನು ಇಷ್ಟು ವರ್ಷ ಇಳಿಜಾರಿನ ಮೇಲೆ ನಿಲ್ಲಿಸಿ ಉಣ್ಣು ಎಂದಂತಾಯಿತಲ್ಲ, ಸಮ ನೆಲ ಬೇಕು, ನೆರಳು ಬೇಕು. ಬೆಳಗ್ಗೆ ಹುಣಸೆ ಬುಡ ಸಾರಿಸಿ ಎಲೆ ಹಾಕಿ ಮಣೆ ತಂದಿಟ್ಟಾಗ ಕೆಂಪಪ್ಪ ಹೌಹಾರಿದ, ಎಂತದು ಅತ್ಗೇ ಇದು, ನೆಲದ್ಮೇಲೆ ಇಟ್ರೆ ನಾಯಿ ತಿಂತದೆ, ಕಾಗೆಗೆ ಎಂತಕ್ಕೆ ಮಣೆ, ನಗಾಡ್ತಾರೆ ಜನ. ನಗಾಡ್ಲಿ. ಅಮ್ಮಾ, ನೀನಾದ್ರೂ ಹೇಳು. ಅತ್ತೆ ಮಣೆಯನ್ನು ನೋಡಿದರು, ಸೊಸೆಯನ್ನು ನೋಡಿದರು, ಇಡ್ಲಿ ಬಿಡೋ, ನನ್ ಮಗ ಒಂದಿನ ಸರಿಯಾಗಿ ಕೂತು ಉಂಡಿಲ್ಲ ಎಂದರು, ಆ ಮಾತು ಎಲ್ಲಿಂದ ಬಂತು ಅವರಿಗೆ, ಪುಸ್ತಕ ಕೇಳಿದವರಲ್ಲ, ಬೂಟಿನ ಸುದ್ದಿ ಇವಳು ಬಾಯಿ ಬಿಟ್ಟಿಲ್ಲ. ಈಗ ಬಾಗಿಲ ಮರೆಯಲ್ಲಿ ನಿಂತು, ಕಾಲು ಬದಲಿಸುತ್ತ, ಬಾ ಎನ್ನುತ್ತಾಳೆ, ಬಂದು ಮುಟ್ಟು, ಅತ್ತೆಯ ಜೀವ ತಣ್ಣಗಾಗಲಿ, ಇದು ಕೊನೆಯ ಎಲೆ, ಇನ್ನು ನಿನಗೆ ಎಂದು ಬೇರೆ ಹಾಕಿಕೊಡುವವರಿಲ್ಲ — ಬಾ ಎಂದು ಬಾಯಿ ಮುಚ್ಚುವುದರೊಳಗೆ ಬೇಡ, ಬರಬೇಡ ಎಂದು ಇನ್ನೊಂದು ದನಿ ಹೊಟ್ಟೆಯಿಂದ ಏಳುತ್ತದೆ, ಮಣೆ ಇಟ್ಟ ವರ್ಷವೇ ಬಂದು ಮುಟ್ಟಿದರೆ ಏನರ್ಥ, ಬಿಸ್ಕತ್ತಿಗೆ ಬಾರದವರು, ಹಾಲಿಗೆ ಬಾರದವರು, ಜೇನಿಗೆ ಬಾರದವರು ಮಣೆಗೆ ಬಂದರೆ, ಆಗ ಆ ತಿರುವಿನಲ್ಲಿ ಕೂತವನು ಯಾರೋ ಪಾಪ ಅಲ್ಲ, ಹಾವೇರಿಯವನಲ್ಲ, ಸಾಗರದವನಲ್ಲ. ಮುಟ್ಟದಿದ್ದರೆ ಹಸಿದೇ ಇರುತ್ತಾರೆ, ಆದರೆ ಎಲ್ಲಾದರೂ ನಡೆಯುತ್ತಿರುತ್ತಾರೆ, ಗುಂಡು ತಗಲಿ ಒಂದೇ ಏಟಿಗೆ ಹೋಗಿರುತ್ತಾರೆ, ಯಾವುದಾದರೂ ಹೊಳೆಯಲ್ಲಿ, ಏನಾದರೂ, ಏನಾದರೂ ಆಗಿರಲಿ, ಅದೊಂದು ಆಗದಿರಲಿ, ಸಾಲಾಗಿ ಕಾಲುಗಳು ಮುಂದೆ ಹಾದುಹೋಗುತ್ತಿರಲು ಕೂತು ನೋಡುವುದೊಂದು ಆಗದಿರಲಿ. ಬೆಂಕಿ ಆರುತ್ತಿದೆ, ಅನ್ನದ ತಪ್ಪಲೆ ಇಳಿಸಬೇಕು, ಕೆಂಪಪ್ಪನ ಮಕ್ಕಳು ಹಸಿವೆಂದು ಕೊಸರಾಡುತ್ತಿವೆ, ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ, ಕೆಂಪಪ್ಪ ಜಗಲಿಯಿಂದ ಅಂಗಳಕ್ಕೆ ಬಂದು ಆಕಾಶಕ್ಕೆ ಮುಖ ಮಾಡಿ ಕಾ ಕಾ ಎಂದು ಕೂಗಿದ, ದನಿ ಒಡೆಯಿತು, ಮಾಸ್ತಣ್ಣಾ, ಬಾರಣ್ಣಾ, ಹೊತ್ತಾತು ಎಂದ, ಆ ಹೆಸರು ಹಿತ್ತಲಿನಲ್ಲಿ ಕೇಳಿ ಎಷ್ಟು ಕಾಲವಾಯಿತು.

ಇಳಿಯಿತು, ಎಲ್ಲಿಂದ ಎಂದು ಕಾಣಲಿಲ್ಲ, ನೆಲದ ಮೇಲೆ ಇತ್ತು, ಕತ್ತು ಬೂದಿ ಬಣ್ಣದ್ದು, ಒಂದು ಕಾಲು ಎಳೆಯುವಂತಿತ್ತೋ, ಇಲ್ಲ, ಎಲ್ಲ ಕಾಗೆಗಳೂ ಹಾಗೇ ನಡೆಯುವುದು, ಓರೆ ಓರೆಯಾಗಿ, ಕೆಂಪಪ್ಪ ಎತ್ತಿದ ಕೈ ಹಾಗೇ ಹಿಡಿದುಕೊಂಡು ನಿಂತ, ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದು ಇವಳ ಬೆನ್ನಿಗೆ ತಾಗಿ ನಿಂತರು, ಮುದುಕಿಯ ಉಸಿರು ಕುತ್ತಿಗೆಗೆ ಬಿಸಿಯಾಗಿ, ಕಾಗೆ ಎಲೆಯ ಸುತ್ತ ಒಂದು ಸುತ್ತು ಬಂತು, ಬೀಡಿ ಕಟ್ಟನ್ನು ನೋಡಿತು, ಹೋಗು, ಹೋಗಿಬಿಡು, ಎಲ್ಲ ವರ್ಷ ಹೋದ ಹಾಗೆ ಹೋಗಿಬಿಡು, ಅದು ಹೋಗಲಿಲ್ಲ, ಕುಪ್ಪಳಿಸಿ ಮಣೆಯ ಮೇಲೆ ಹತ್ತಿತು, ರೆಕ್ಕೆ ಒಂದು ಸಲ ಕೊಡವಿ ಮಡಚಿಕೊಂಡಿತು, ಹಾಗೇ ಮೈ ಇಳಿಬಿಟ್ಟು ಕೂತಿತು, ದಣಿದವರು ಮನೆಗೆ ಬಂದು ಕೂರುವ ಹಾಗೆ, ಅವಸರವೇ ಇಲ್ಲ, ಆಮೇಲೆ ಅಲ್ಲಿಂದಲೇ ಕತ್ತು ಚಾಚಿ ಕಡುಬು ಮುರಿಯಿತು. ಮುಟ್ತು, ಮುಟ್ತು ಕಣೇ! ಅತ್ತೆ ಹೋ ಎಂದು ಅತ್ತರು, ಉಂಡ, ನನ್ ಮಗ ಉಂಡ ಎಂದು ಸೊಸೆಯ ತಲೆ, ಭುಜ, ಕೈ ಸಿಕ್ಕಿದ್ದನ್ನೆಲ್ಲ ಸವರಿದರು, ಕೆಂಪಪ್ಪ ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡ, ನಿನ್ ಮಣೆ ಗೆಲ್ತು ಅತ್ಗೇ ಎಂದ, ಮಕ್ಕಳು ಕುಣಿದವು, ಇನ್ನೂ ಕಡುಬು ಮುರಿಯುತ್ತಿದೆ ಅದು, ಸಾರಿಗೆ ಕೊಕ್ಕು ಅದ್ದುತ್ತಿದೆ, ಎಷ್ಟು ವರ್ಷದ ಹಸಿವು, ಉಣ್ಣಲಿ, ಉಣ್ಣಲಿ, ಹೊಟ್ಟೆ ತುಂಬ ಉಣ್ಣಲಿ, ನಡಿಯೋ, ಎಲೆ ಹಾಕು, ಹಸಿದಿದಾವೆ ಹುಡುಗ್ರು, ಅತ್ತೆ ಮೂಗು ಒರೆಸಿಕೊಳ್ಳುತ್ತ ಒಳಗೆ ನಡೆದರು, ಕೆಂಪಪ್ಪ ಅವಳನ್ನು ದಾಟಿ ಒಳಗೆ ಹೋದ, ಮಕ್ಕಳು ದಾಟಿ ಹೋದವು, ಎಲ್ಲರ ಹಿಮ್ಮಡಿಗಳು, ಕೆಸರು ಹಿಮ್ಮಡಿ, ಬಿರುಕು ಹಿಮ್ಮಡಿ, ಒಳಗೆ ಪಾತ್ರೆಗಳ ಸದ್ದು, ಅವಳು ಬಾಗಿಲಿಗೆ ಒರಗಿ ಯಾವಾಗ ಕುಸಿದಳೋ, ಹಾಗಾದರೆ ಕೂತರು, ಹಾಗಾದರೆ ಅವರೇ, ಚಕ್ರ ನಿಂತಿತ್ತು, ಬರೆದವನು ಮುಖ ನೋಡದೆ ನಡೆದ, ಬಡೇಸಾಬರು ಹಾಗೇ ಯಾರನ್ನೋ ದಾಟಿ ನಡೆದರು, ಎಲ್ಲರೂ ನಡೆದರು, ಇವರು ಮಾತ್ರ ಕನ್ನಡದಲ್ಲಿ, ಆ ದೇಶದಲ್ಲಿ, ಕೇಳಿಸಿಕೊಳ್ಳುವವರು ಹೊರಟುಹೋದ ಮೇಲೂ ಕೈ ಎತ್ತಿಕೊಂಡೇ, ನೀವು ನಡೀರಿ, ಬೆಳಕು ಇಳಿಯುತ್ತಿದೆ, ಕಾಲುಗಳು ಮುಗಿದವು, ದಾರಿ ಖಾಲಿ, ತೊಡೆಯ ಮೇಲೆ ಬೂಟು, ಒಂದೇ ಬೂಟು, ತೊಡೆಯ ಮೇಲೆ, ಬೂಟು —